ಟಿವಿಯಲ್ಲಿ ಸೌತೆಕಾಯಿಯನ್ನೇ ಯಾಕೆ ಹೆಚ್ಚುತ್ತಾರೆ?

ಮಧ್ಯಾಹ್ನ ಎರಡು ಗಂಟೆ. ಊಟ ಮುಗಿದಿದೆ, ಪಾತ್ರೆ ತೊಳೆದಾಗಿದೆ. ಅಮ್ಮ ದಿವಾನದ ಮೇಲೆ ಒರಗಿಕೊಂಡು ಟಿವಿ ನೋಡುತ್ತಿದ್ದಾರೆ. ಧಾರಾವಾಹಿಯ ಮರುಪ್ರಸಾರ ಮುಗಿದು ಬೇರೇನೋ ಶುರುವಾಗಿದೆ. ಪರದೆ ಮೇಲೆ ಒಬ್ಬ ಹೆಂಗಸು ಈರುಳ್ಳಿ ಹೆಚ್ಚುತ್ತಾ ಅಳುತ್ತಿದ್ದಾಳೆ. ಚಿತ್ರ ಕಪ್ಪು-ಬಿಳುಪು. ಚಾಕು ಜಾರಿ ಬೆರಳು ಕುಯ್ದುಕೊಳ್ಳುತ್ತಾಳೆ. ಗಂಡ ಗಡಿಯಾರ ನೋಡಿ ಮುಖ ಸಿಂಡರಿಸುತ್ತಾನೆ. ತಟ್ಟನೆ ಬಣ್ಣ ಬರುತ್ತದೆ, ಸಂಗೀತ ಬರುತ್ತದೆ, ಒಂದು ಪ್ಲಾಸ್ಟಿಕ್ ಡಬ್ಬಿ ಬರುತ್ತದೆ. ಅದೇ ಹೆಂಗಸು ನಗುತ್ತಾ ಮೂರು ಸಲ ದಾರ ಎಳೆಯುತ್ತಾಳೆ. ಈರುಳ್ಳಿ ಪುಡಿಪುಡಿ. ತುಟಿ ಆಡುವುದು ಹಿಂದಿಯಲ್ಲಿ, ಕೇಳಿಸುವುದು ಕನ್ನಡ: "ನಿಲ್ಲಿ, ಇಷ್ಟೇ ಅಲ್ಲ!"

ನಮ್ಮ ಮನೆಗೆ ಈ ದಾರಿಯಲ್ಲಿ ಬಂದ ವಸ್ತು ಎರಡು. ಒಂದು ಆ ದಾರ ಎಳೆಯುವ ಚಾಪರ್. ಇನ್ನೊಂದು ಮಂಡಿಗೆ ಕಟ್ಟುವ ಅಯಸ್ಕಾಂತದ ಬೆಲ್ಟ್. ಮೊದಲನೆಯದು ಇವತ್ತಿಗೂ ಅಡುಗೆಮನೆಯಲ್ಲಿ ಇದೆ. ಎರಡನೆಯದರ ಕಥೆ ಆಮೇಲೆ ಹೇಳುತ್ತೇನೆ. ಇವೆರಡೂ ಒಂದೇ ತರಹದ ಜಾಹೀರಾತಿನಿಂದ, ಒಂದೇ ತರಹದ ಡಬ್ಬಿಯಲ್ಲಿ ಬಂದವು. ಒಂದು ಹೇಳಿದ್ದರಲ್ಲಿ ಅರ್ಧ ಮಾಡಿತು, ಇನ್ನೊಂದು ಏನೂ ಮಾಡಲಿಲ್ಲ. ಹಾಗಾಗಿ "ಟಿವಿಯಲ್ಲಿ ಬರೋದೆಲ್ಲ ಮೋಸ" ಅಂತ ಒಂದೇ ಮಾತಲ್ಲಿ ಕೈ ತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಯಾವುದು ಕೆಲಸ ಮಾಡುತ್ತದೆ, ಯಾವುದು ಮಾಡಲ್ಲ ಅನ್ನುವುದನ್ನು ಬಹುಪಾಲು ಜಾಹೀರಾತು ನೋಡುತ್ತಲೇ ಹೇಳಬಹುದು. ತೋರಿಸಿದ್ದನ್ನು ಬಿಟ್ಟು ತೋರಿಸದೇ ಇದ್ದದ್ದನ್ನು ಹುಡುಕಬೇಕು, ಅಷ್ಟೆ.

ಮೈಸೂರಿನವರಿಗೆ ಇದು ಹೊಸ ವಿಷಯ ಅಲ್ಲ. ದಸರಾ ವಸ್ತುಪ್ರದರ್ಶನಕ್ಕೆ ಹೋದರೆ ಯಾವುದೋ ಒಂದು ಮಳಿಗೆ ಮುಂದೆ ಜನ ಗುಂಪು ಕಟ್ಟಿರುತ್ತಾರೆ. ಒಳಗೊಬ್ಬ, ತಲೆಗೆ ಮೈಕ್ ಸಿಕ್ಕಿಸಿಕೊಂಡು, ಉಸಿರು ಬಿಡದೆ ಮಾತಾಡುತ್ತಾ ತರಕಾರಿ ತುರಿಯುತ್ತಿರುತ್ತಾನೆ. ಕೈಯಲ್ಲಿರುವುದು ಸೌತೆಕಾಯಿ. ಆಮೇಲೆ ಟೊಮೆಟೊ, ಆಮೇಲೆ ನೆನೆದು ಮೆತ್ತಗಾದ ಕ್ಯಾರೆಟ್. ಸುವರ್ಣಗೆಡ್ಡೆ ಕತ್ತರಿಸಿದವನನ್ನು ನಾನು ಒಂದು ವರ್ಷವೂ ನೋಡಿಲ್ಲ. ನುಗ್ಗೆಕಾಯಿ, ಹಲಸಿನಕಾಯಿ ಮಾತಂತೂ ಬೇಡ. ಸೌತೆಕಾಯಿ ಯಾಕೆ ಅಂದರೆ, ಅದರಲ್ಲಿ ಹೆಚ್ಚುಕಮ್ಮಿ ಎಲ್ಲ ನೀರೇ. ನಮ್ಮ ಅಜ್ಜಿಯ ಮೊಂಡು ಚಾಕು ಕೂಡ ಅದನ್ನು ಕುಯ್ಯುತ್ತದೆ. ನಾವು ಮೆಚ್ಚಿಕೊಳ್ಳುವುದು ಆ ಯಂತ್ರವನ್ನಲ್ಲ, ದಿನಕ್ಕೆ ನೂರು ಸಲ ಅದೇ ಕೆಲಸ ಮಾಡಿ ಪಳಗಿದ ಅವನ ಕೈಯನ್ನು. ಮನೆಗೆ ತಂದಾಗ ಯಂತ್ರ ಬರುತ್ತದೆ, ಕೈ ಬರಲ್ಲ.

ಟಿವಿಯ ಈ ವ್ಯಾಪಾರ ಹುಟ್ಟಿದ್ದೂ ಇಂಥದ್ದೇ ಬೀದಿಯಲ್ಲಿ. ಟಿವಿಯಲ್ಲಿ ಸಾಮಾನು ಮಾರಿ ಹೆಸರಾದ ಅಮೆರಿಕದ ರಾನ್ ಪೊಪೀಲ್ ಚಿಕ್ಕ ವಯಸ್ಸಲ್ಲಿ ಷಿಕಾಗೋದ ಮ್ಯಾಕ್ಸ್‌ವೆಲ್ ಬೀದಿಯ ಸಂತೆಯಲ್ಲಿ ನಿಂತು ಅಪ್ಪನ ಕಾರ್ಖಾನೆಯ ಅಡುಗೆ ಸಾಮಾನು ಮಾರುತ್ತಿದ್ದವನು. ಅವನ ಅಪ್ಪ ಮಾಡಿದ ತರಕಾರಿ ಹೆಚ್ಚುವ ಯಂತ್ರದ ಬಗ್ಗೆ ಒಂದು ಕಥೆ ಇದೆ. ಅದು ಎಷ್ಟು ಬೇಗ ಹೆಚ್ಚುತ್ತಿತ್ತು ಅಂದರೆ, ದಿನವಿಡೀ ತೋರಿಸಲು ಬೇಕಾದಷ್ಟು ತರಕಾರಿ ಹೊತ್ತು ತಿರುಗುವುದೇ ಮಾರುವವರಿಗೆ ಕಷ್ಟವಾಯಿತಂತೆ. ಅದಕ್ಕೇ ಒಮ್ಮೆ ತೋರಿಸಿದ್ದನ್ನು ಚಿತ್ರೀಕರಿಸಿ ಟಿವಿಗೆ ಹಾಕಿದರಂತೆ. 1984ರಲ್ಲಿ ಅಮೆರಿಕ ಸರ್ಕಾರ ಟಿವಿಯ ಜಾಹೀರಾತು ಸಮಯಕ್ಕಿದ್ದ ಮಿತಿ ತೆಗೆದುಹಾಕಿತು. ಆಮೇಲೆ ಅರ್ಧ ಗಂಟೆಯ ಜಾಹೀರಾತುಗಳು ಧಾರಾಳವಾಗಿ ಬಂದವು. 1990ರ ದಶಕದಲ್ಲಿ ಉಪಗ್ರಹ ವಾಹಿನಿಗಳ ಜೊತೆ ಅವು ನಮ್ಮ ದೇಶಕ್ಕೂ ಇಳಿದವು. 2008ರ ಹೊತ್ತಿಗೆ ಹೋಮ್‌ಶಾಪ್18ನಂಥ ಪೂರ್ತಿ ಮಾರಾಟದ ವಾಹಿನಿಯೇ ಬಂತು. 2015ರಲ್ಲಿ ಅಕ್ಷಯ್ ಕುಮಾರ್ ಮತ್ತು ರಾಜ್ ಕುಂದ್ರಾ ಸೇರಿ ಬೆಸ್ಟ್ ಡೀಲ್ ಟಿವಿ ತೆರೆದರು. ಸಿನಿಮಾದವರ ಮುಖವಿದ್ದರೂ ಅದು ಬಹಳ ದಿನ ಬಾಳಲಿಲ್ಲ.

ಪೊಪೀಲ್ ಮಾರಿದ ಸಾಮಾನು ಸುಮಾರಾಗಿ ಕೆಲಸ ಮಾಡುತ್ತಿತ್ತು ಅನ್ನುವುದನ್ನೂ ಹೇಳಬೇಕು. ಅದೇ ಕಾಲದಲ್ಲಿ ಟಿವಿಯಲ್ಲಿ ಮಾರುತ್ತಿದ್ದ ಗಿನ್ಸು ಚಾಕುವೂ ಹಾಗೇ. ಅದು ಚೆನ್ನಾಗಿಯೇ ಕುಯ್ಯುತ್ತಿತ್ತು. ಸುಳ್ಳಿದ್ದದ್ದು ಅದರ ಸುತ್ತಲಿನ ಕಥೆಯಲ್ಲಿ. ಜಪಾನಿನ ಹೆಸರು, ಜಪಾನಿ ಕರಾಟೆ ಏಟು, ಎಲ್ಲ ಇತ್ತು. ಚಾಕು ತಯಾರಾಗುತ್ತಿದ್ದದ್ದು ಮಾತ್ರ ಅಮೆರಿಕದ ಒಹಾಯೊ ರಾಜ್ಯದಲ್ಲಿ.

ಈಗ ನಮ್ಮ ಚಾಪರ್ ವಿಷಯ. ಡಬ್ಬಿಯ ನಡುವೆ ಒಂದು ಕಡ್ಡಿ, ಅದಕ್ಕೆ ಮೂರು ವಕ್ರ ಬ್ಲೇಡು. ಮುಚ್ಚಳದ ಒಳಗೆ ಒಂದು ಸ್ಪ್ರಿಂಗ್, ಅದಕ್ಕೆ ಸುತ್ತಿದ ದಾರ. ದಾರ ಎಳೆದರೆ ಬ್ಲೇಡು ತಿರುಗುತ್ತದೆ, ಬಿಟ್ಟರೆ ಸ್ಪ್ರಿಂಗ್ ದಾರವನ್ನು ಒಳಗೆ ಎಳೆದುಕೊಳ್ಳುತ್ತದೆ. ಉಪ್ಪಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಶುಂಠಿ ಹಾಕಿ ಎಳೆದರೆ ನಿಜಕ್ಕೂ ಅರ್ಧ ನಿಮಿಷದ ಕೆಲಸ. ಕಣ್ಣೂ ಉರಿಯಲ್ಲ. ಇಷ್ಟು ನಿಜ. ಆದರೆ ಬೀನ್ಸ್ ಪಲ್ಯಕ್ಕೆ ಅದು ಪ್ರಯೋಜನವಿಲ್ಲ. ಕೆಳಗಿನ ಬೀನ್ಸ್ ಪುಡಿಯಾಗುತ್ತದೆ, ಮೇಲಿನದ್ದು ಬೆರಳುದ್ದ ಹಾಗೇ ಉಳಿಯುತ್ತದೆ. ಕೋಸಂಬರಿಗೆ ಸೌತೆಕಾಯಿ ಹಾಕಿದರೆ ನೀರು ಬಿಟ್ಟುಕೊಂಡು ಚಟ್ನಿಯ ತಮ್ಮನಾಗುತ್ತದೆ. ಕಾಯಿ ತುರಿಗಂತೂ ತುರಿಮಣೆಯೇ ಗತಿ. ಎಂಟು ತಿಂಗಳಿಗೆ ದಾರ ಕಿತ್ತುಬಂತು. ಅಮ್ಮ ಮುಚ್ಚಳ ಬಿಚ್ಚಿ, ಹೂ ಕಟ್ಟುವ ದಾರವನ್ನು ಮೂರೆಳೆ ಹೊಸೆದು ಹಾಕಿದರು. ಅದು ಇನ್ನೂ ನಡೆಯುತ್ತಿದೆ. ಈ ರಿಪೇರಿ ಯಾವ ಜಾಹೀರಾತಲ್ಲೂ ಬರಲ್ಲ.

ಮೇಲಿಂದ ಒತ್ತಿ ಚೌಕ ಚೌಕ ಮಾಡುವ ಡೈಸರ್‌ಗಳದ್ದು ಇನ್ನೊಂದು ಪಾಡು. ಬ್ಲೇಡಿನ ಜಾಲರಿಯ ಸಂದಿಯಲ್ಲಿ ಸಿಕ್ಕ ತುಣುಕನ್ನು ತೆಗೆಯಲು ಕಡ್ಡಿ ಬೇಕು, ಬ್ರಷ್ ಬೇಕು, ತಾಳ್ಮೆ ಬೇಕು. ಹೆಚ್ಚುವಾಗ ಉಳಿಸಿದ ಐದು ನಿಮಿಷ ತೊಳೆಯುವಾಗ ವಾಪಸ್ ಹೋಗುತ್ತದೆ. ಹಸಿ ಬೀಟ್‌ರೂಟ್ ಇಟ್ಟು ಜೋರಾಗಿ ಒತ್ತಿದರೆ ಮೊದಲು ಮುರಿಯುವುದು ಪ್ಲಾಸ್ಟಿಕ್ ಕೀಲು. ಹತ್ತಾರು ಜಾಹೀರಾತು ನೋಡಿದ್ದೇನೆ. ಯಾರಾದರೂ ಆ ಯಂತ್ರವನ್ನು ನಲ್ಲಿ ಕೆಳಗಿಟ್ಟು ತೊಳೆಯುವುದನ್ನು ಪೂರ್ತಿ ತೋರಿಸಿದ್ದು ನೆನಪಿಲ್ಲ. ಈಳಿಗೆ ಮಣೆಗೆ ಈ ರಗಳೆ ಇಲ್ಲ, ಅಲ್ವಾ? ಆದರೆ ನೆಲದ ಮೇಲೆ ಕೂರಲಾಗದವರಿಗೆ, ಕೈ ಬೆರಳು ನೋಯುವವರಿಗೆ ಈಳಿಗೆ ಮಣೆಯ ಗುಣಗಾನ ಮಾಡಿ ಏನು ಉಪಯೋಗ? ಅವರಿಗೆ ದಾರದ ಚಾಪರ್ ಒಳ್ಳೆಯದೇ.

ರೋಟಿ ಮೇಕರ್ ಅನ್ನು ಒಂದು ಮಾತಲ್ಲಿ ಮುಗಿಸುತ್ತೇನೆ. ಬಿಸಿ ತಟ್ಟೆಗಳ ನಡುವೆ ಉಂಡೆ ಇಟ್ಟು ಒತ್ತುವ ಯಂತ್ರ ಅದು. ಹಿಟ್ಟು ಅವರು ಹೇಳಿದ ಹದಕ್ಕೇ ಮೆತ್ತಗಿರಬೇಕು, ಚೆನ್ನಾಗಿ ನೆನೆದಿರಬೇಕು. ಸ್ವಲ್ಪ ಗಟ್ಟಿಯಾದರೂ ಚಪಾತಿ ಹಪ್ಪಳವಾಗುತ್ತದೆ. ಜೋಳದ ರೊಟ್ಟಿ ತಟ್ಟುವ ಮನೆಯವರು ಆ ಕಡೆ ತಲೆಹಾಕದಿರುವುದೇ ಮೇಲು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ, ಒತ್ತಿದರೆ ಅಂಚು ಒಡೆಯುತ್ತದೆ.

ಅಡುಗೆ ಸಾಮಾನಿನಲ್ಲಿ ಹೋದರೆ ಹೋಗುವುದು ಸ್ವಲ್ಪ ದುಡ್ಡು. ಮೈಗೆ ಕಟ್ಟುವ, ಹಚ್ಚುವ, ಸುತ್ತುವ ಸಾಮಾನಿನ ವಿಷಯದಲ್ಲಿ ನನ್ನ ಮಾತು ಇಷ್ಟು ಮೆತ್ತಗಿಲ್ಲ.

ಸೌನಾ ಬೆಲ್ಟ್ ತೆಗೆದುಕೊಳ್ಳಿ. ಸೊಂಟಕ್ಕೆ ಕಟ್ಟಿ ಪ್ಲಗ್ ಹಾಕಿದರೆ ಬಿಸಿಯಾಗುತ್ತದೆ, ಬೆವರು ಸುರಿಯುತ್ತದೆ. ಬಿಚ್ಚಿ ತೂಕ ನೋಡಿದರೆ ಅರ್ಧ ಕೆಜಿ ಕಮ್ಮಿ. ಟೇಪು ಹಿಡಿದರೆ ಸೊಂಟವೂ ಚೂರು ಕಮ್ಮಿ. ಎರಡೂ ಸುಳ್ಳಲ್ಲ. ಹೋದದ್ದು ನೀರು ಅನ್ನುವುದನ್ನು ಮಾತ್ರ ಹೇಳಲ್ಲ. ಎರಡು ಲೋಟ ಮಜ್ಜಿಗೆ ಕುಡಿದರೆ ಅದು ವಾಪಸ್ ಬರುತ್ತದೆ. ಒಂದು ಕೆಜಿ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಖರ್ಚಾಗಬೇಕು. ಸೋಫಾ ಮೇಲೆ ಕೂತು ಬೆವರಿದರೆ ಅದು ಆಗಲ್ಲ. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಕುಂದಿದವರಿಗಂತೂ ಈ ಬಿಸಿ ಅಪಾಯ. ಸುಡುವುದು ಗೊತ್ತಾಗುವಷ್ಟರಲ್ಲಿ ಬೊಕ್ಕೆ ಎದ್ದಿರುತ್ತದೆ.

ಹೊಟ್ಟೆಗೆ ಕಟ್ಟಿದರೆ ಕರೆಂಟಿನಿಂದ ಸ್ನಾಯು ಅದುರಿಸುವ ಬೆಲ್ಟ್‌ಗಳೂ ಬಂದಿದ್ದವು, ನೆನಪಿದೆಯಾ? ಅಮೆರಿಕದಲ್ಲಿ ಆಬ್‌ಟ್ರಾನಿಕ್, ಎಬಿ ಎನರ್ಜೈಸರ್, ಫಾಸ್ಟ್ ಆಬ್ಸ್ ಎಂಬ ಮೂರು ಬೆಲ್ಟ್‌ಗಳ ಮಾರಾಟಗಾರರ ಮೇಲೆ ಅಲ್ಲಿನ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2002ರಲ್ಲಿ ಕೇಸು ಹಾಕಿತು. ವ್ಯಾಯಾಮವಿಲ್ಲದೆ ಹೊಟ್ಟೆ ಕರಗುತ್ತದೆ ಅನ್ನುವ ಮಾತು ಸುಳ್ಳು ಅನ್ನುವುದೇ ಕೇಸಿನ ತಿರುಳು. ಆಮೇಲೂ ಅಂಥ ಬೆಲ್ಟ್‌ಗಳು ಬೇರೆ ಬೇರೆ ಹೆಸರಲ್ಲಿ ನಮ್ಮ ಟಿವಿಗಳಲ್ಲಿ ಓಡಾಡಿದವು.

ಈಗ ಅಮ್ಮನ ಮಂಡಿ ಬೆಲ್ಟ್. 1,499 ರೂಪಾಯಿ, ಒಂದಕ್ಕೆ ಒಂದು ಉಚಿತ. "ಎರಡು ಮಂಡಿಗೂ ಆಯ್ತಲ್ಲ ಮಗಾ," ಅಂದರು. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಜಾಹೀರಾತು ಹೇಳಿದ್ದು ಇಷ್ಟು: ರಕ್ತದಲ್ಲಿ ಕಬ್ಬಿಣ ಇದೆ, ಅಯಸ್ಕಾಂತ ಕಬ್ಬಿಣವನ್ನು ಎಳೆಯುತ್ತದೆ, ರಕ್ತ ಸಂಚಾರ ಜಾಸ್ತಿಯಾಗಿ ನೋವು ಹೋಗುತ್ತದೆ. ಕೇಳಲು ಎಷ್ಟು ಸರಿಯಾಗಿದೆ! ರಕ್ತದಲ್ಲಿ ಕಬ್ಬಿಣ ಇರುವುದು ನಿಜ. ಆದರೆ ಅದು ಮೊಳೆಯಲ್ಲಿರುವ ತರಹದ ಕಬ್ಬಿಣ ಅಲ್ಲ. ಹಿಮೋಗ್ಲೋಬಿನ್ ಒಳಗೆ ಕಟ್ಟುಬಿದ್ದಿರುವ ಕಬ್ಬಿಣ ಮೊಳೆಯಂತೆ ಅಯಸ್ಕಾಂತಕ್ಕೆ ಅಂಟಿಕೊಳ್ಳಲ್ಲ. ಆಸ್ಪತ್ರೆಯ ಎಂಆರ್‌ಐ ಯಂತ್ರದ ಅಯಸ್ಕಾಂತ ಈ ಬೆಲ್ಟಿನ ಗುಂಡಿಗಳಿಗಿಂತ ಎಷ್ಟೋ ಪಟ್ಟು ಬಲವಾದದ್ದು. ಅದರೊಳಗೆ ಮಲಗಿ ಬಂದವರ ರಕ್ತ ಒಂದು ಕಡೆಗೆ ಎಳೆದುಕೊಂಡು ಹೋಗುವುದಾಗಿದ್ದರೆ ಏನಾಗುತ್ತಿತ್ತು ಯೋಚಿಸಿ. ನೋವಿಗೆ ಇಂಥ ಅಯಸ್ಕಾಂತ ಕಟ್ಟಿ ಮಾಡಿದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ವೈದ್ಯಕೀಯ ವಿಮರ್ಶೆಗಳೂ ಹೇಳಿಕೊಳ್ಳುವ ಲಾಭ ಕಂಡಿಲ್ಲ.

ಆದರೂ ಅಮ್ಮನಿಗೆ ಮೊದಲ ವಾರ ಹಿತವೆನಿಸಿತು. ಅದೂ ಸುಳ್ಳಲ್ಲ. ಬಿಗಿಯಾದ ಎಲಾಸ್ಟಿಕ್ ಪಟ್ಟಿ ಮಂಡಿಗೆ ಆಸರೆ ಕೊಡುತ್ತದೆ, ಒಳಗೆ ಬೆಚ್ಚಗಿರುತ್ತದೆ. ಅಯಸ್ಕಾಂತವಿಲ್ಲದ ಅಂಥ ಪಟ್ಟಿ ಔಷಧಿ ಅಂಗಡಿಯಲ್ಲಿ ಎಷ್ಟೋ ಕಮ್ಮಿ ಬೆಲೆಗೆ, ಅಳತೆ ನೋಡಿ ಕೊಡುತ್ತಾರೆ.

ಇಲ್ಲಿ ಕಾನೂನು ಸುಮ್ನೆ ಕೂತಿಲ್ಲ. 1954ರಲ್ಲೇ ನಮ್ಮಲ್ಲಿ ಒಂದು ಕಾಯ್ದೆ ಬಂದಿದೆ, ಔಷಧಿ ಮತ್ತು ಪವಾಡ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯ್ದೆ. ತಾಯಿತ, ಮಂತ್ರ, ಕವಚ ಎಲ್ಲವೂ ಅದರ "ಪವಾಡ ಚಿಕಿತ್ಸೆ"ಯ ವ್ಯಾಖ್ಯಾನದೊಳಗೆ ಬರುತ್ತವೆ. ಬೊಜ್ಜು ಕರಗಿಸುತ್ತೇವೆ ಅನ್ನುವ ಔಷಧಿಯ ಜಾಹೀರಾತೂ ಅದರ ನಿಷೇಧದ ಪಟ್ಟಿಯಲ್ಲಿದೆ. 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹನುಮಾನ್ ಚಾಲೀಸಾ ಯಂತ್ರದಂಥ ವಸ್ತುಗಳಿಗೆ ಅತಿಮಾನುಷ ಶಕ್ತಿ ಇದೆ ಎಂದು ಟಿವಿಯಲ್ಲಿ ಹೇಳಿ ಮಾರುವುದು ಮಹಾರಾಷ್ಟ್ರದ 2013ರ ಮಾಟ-ಮಂತ್ರ ವಿರೋಧಿ ಕಾಯ್ದೆಯ ಪ್ರಕಾರ ಕಾನೂನುಬಾಹಿರ ಎಂದಿತು.

ಪ್ರದರ್ಶನ ಪೂರ್ತಿ ನಿಜವಾಗಿದ್ದು, ತೀರ್ಮಾನ ಮಾತ್ರ ಪೂರ್ತಿ ತಪ್ಪಾಗಿರುವುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಕರೆಂಟ್ ಉಳಿಸುವ ಡಬ್ಬಿ. ಗೋಡೆಯ ಪ್ಲಗ್‌ಗೆ ಸಿಕ್ಕಿಸಿದರೆ ಹಸಿರು ದೀಪ ಹತ್ತುತ್ತದೆ. ಬಿಲ್ ಅರ್ಧ ಆಗುತ್ತದೆ ಅನ್ನುತ್ತಾರೆ. ಜಾಹೀರಾತಲ್ಲಿ ಒಬ್ಬ ಫ್ಯಾನಿನ ತಂತಿಗೆ ಮೀಟರ್ ಕಚ್ಚಿಸುತ್ತಾನೆ, ಡಬ್ಬಿ ಹಾಕುತ್ತಾನೆ, ಆಂಪಿಯರ್, ಅಂದರೆ ತಂತಿಯಲ್ಲಿ ಹರಿಯುವ ಕರೆಂಟಿನ ಅಳತೆ, ಕಣ್ಣೆದುರೇ ಇಳಿಯುತ್ತದೆ. ಕೈಚಳಕ ಏನೂ ಇಲ್ಲ, ಅದು ನಿಜವಾಗಿಯೇ ಇಳಿಯುತ್ತದೆ.

ಒಳಗಿರುವುದು ಒಂದು ಕೆಪ್ಯಾಸಿಟರ್, ಕರೆಂಟನ್ನು ಚೂರು ಹೊತ್ತು ಹಿಡಿದಿಟ್ಟು ವಾಪಸ್ ಬಿಡುವ ಸಣ್ಣ ಬಿಡಿಭಾಗ. ಮೋಟಾರ್ ಇರುವ ಸಾಮಾನುಗಳು ಎರಡು ಬಗೆಯಲ್ಲಿ ಕರೆಂಟ್ ಎಳೆಯುತ್ತವೆ. ಒಂದು ಕೆಲಸ ಮಾಡಿ ಖರ್ಚಾಗಿ ಹೋಗುವ ಕರೆಂಟ್. ಇನ್ನೊಂದು ಉಯ್ಯಾಲೆಯ ಹಾಗೆ ಸುಮ್ನೆ ಹೋಗಿ ಬರುವ ಕರೆಂಟ್. ಆ ಹೋಗಿ ಬರುವ ಭಾಗವನ್ನು ಕೆಪ್ಯಾಸಿಟರ್ ಅಲ್ಲೇ ಒದಗಿಸುತ್ತದೆ. ಹಾಗಾಗಿ ಹೊರಗಿನ ತಂತಿಯಲ್ಲಿ ಆಂಪಿಯರ್ ಕಮ್ಮಿ ಕಾಣುತ್ತದೆ. ಆದರೆ ಮನೆಯ ಬಿಲ್ ಬರುವುದು ಯೂನಿಟ್ ಲೆಕ್ಕದಲ್ಲಿ, ಅಂದರೆ ಕಿಲೋವ್ಯಾಟ್-ಗಂಟೆಯಲ್ಲಿ. ಮೀಟರ್ ಎಣಿಸುವುದು ಖರ್ಚಾಗಿ ಹೋದದ್ದನ್ನು ಮಾತ್ರ. ಹೋಗಿ ಬರುವುದಕ್ಕೆ ನಿಮ್ಮಿಂದ ಮೊದಲೂ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ, ಇನ್ನು ಉಳಿಯುವುದೇನು? ಕಾರ್ಖಾನೆಗಳ ಮಾತು ಬೇರೆ. ಹೋಗಿ ಬರುವ ಕರೆಂಟ್ ಜಾಸ್ತಿಯಾಗಿ ಅವರ ಪವರ್ ಫ್ಯಾಕ್ಟರ್ ಕೆಟ್ಟರೆ ದಂಡ ಬೀಳುತ್ತದೆ, ಅವರಿಗೆ ದೊಡ್ಡ ಕೆಪ್ಯಾಸಿಟರ್ ಬೇಕೇ ಬೇಕು. ಕಾರ್ಖಾನೆಯ ನಿಜವನ್ನು ತಂದು ಮನೆಯ ಪ್ಲಗ್‌ಗೆ ಸಿಕ್ಕಿಸಿದ್ದಾರೆ, ಅಷ್ಟೆ. 2023ರಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಲ್ಲೇ ಇಲ್ಲದ ಕರ್ನಾಟಕದ ಮನೆಗಳಿಗೂ ಯಾರಾದರೂ ಇದನ್ನು ಮಾರಿದರೆ ಅವರ ಬಾಯಿಗೆ ಬಹುಮಾನ ಕೊಡಬೇಕು.

ಇನ್ನು ಬೆಲೆ. ನಮ್ಮ ಚಾಪರ್‌ಗೆ ಅಮ್ಮ ಕೊಟ್ಟದ್ದು 999 ರೂಪಾಯಿ, ಜೊತೆಗೊಂದು ಸಿಪ್ಪೆ ತೆಗೆಯುವ ಪೀಲರ್ ಉಚಿತ. ಆಮೇಲೆ ಸಂತೆಪೇಟೆಯ ಪಾತ್ರೆ ಅಂಗಡಿಯಲ್ಲಿ ಅದೇ ತರಹದ ಚಾಪರ್ 220 ರೂಪಾಯಿಗೆ ಸಿಕ್ಕಿತು. ಪೀಲರ್‌ಗೆ 30. ವ್ಯತ್ಯಾಸದ ದುಡ್ಡು ಯಾರ ಜೇಬಿಗೆ ಹೋಯಿತು ಅಂತ ಕೋಪ ಮಾಡಿಕೊಳ್ಳುವ ಮೊದಲು ಖರ್ಚಿನ ಕಡೆ ನೋಡಿ. ಟಿವಿಯಲ್ಲಿ ಸಮಯ ಕೊಳ್ಳಬೇಕು. ಐದಾರು ಭಾಷೆಗೆ ಡಬ್ ಮಾಡಿಸಬೇಕು. ಫೋನ್ ಎತ್ತುವವರಿಗೆ ಸಂಬಳ ಕೊಡಬೇಕು. ಪಾರ್ಸೆಲ್ ಮನೆಗೆ ತಲುಪಿಸಬೇಕು. ಎಲ್ಲಕ್ಕಿಂತ ಜಾಸ್ತಿ, ಸಾಮಾನು ಬಂದಾಗ ದುಡ್ಡು ಕೊಡುವ ಪದ್ಧತಿಯಲ್ಲಿ "ಬೇಡಪ್ಪ, ಮನಸ್ಸು ಬದಲಾಯ್ತು" ಅನ್ನುವವರು ಇದ್ದೇ ಇರುತ್ತಾರೆ. ಆ ಪಾರ್ಸೆಲ್ ಹೋಗಿ ಬಂದ ಖರ್ಚನ್ನು ತೆರುವವರು ತೆಗೆದುಕೊಂಡವರೇ. ಹೀಗಾಗಿ ಕಡಿಮೆ ಬೆಲೆಯ ಸಾಮಾನನ್ನು ನ್ಯಾಯವಾದ ಬೆಲೆಗೆ ಟಿವಿಯಲ್ಲಿ ಮಾರಲು ಅವರಿಗೆ ಗಿಟ್ಟುವುದೇ ಇಲ್ಲ. "4,999 ಅಲ್ಲ, 2,999 ಅಲ್ಲ" ಅಂತ ಅಡ್ಡಗೆರೆ ಎಳೆಯುವ ಬೆಲೆಗೂ ಅರ್ಥವಿಲ್ಲ. ಎಂಆರ್‌ಪಿ ಬರೆಯುವವರು ತಯಾರಕರೋ ಆಮದು ಮಾಡಿದವರೋ ತಾನೇ?

"ಒಂದಕ್ಕೆ ಒಂದು ಉಚಿತ"ದ ಒಳಗುಟ್ಟು ಅಮೆರಿಕದ ಒಂದು ಕೇಸಿನಲ್ಲಿ ಚೆನ್ನಾಗಿ ಬಯಲಾಯಿತು. ಬಾಗಿಲಿಗೆ ಕಟ್ಟುವ ಸೊಳ್ಳೆ ಪರದೆಯೊಂದನ್ನು 19.95 ಡಾಲರ್‌ಗೆ ಒಂದು, ಜೊತೆಗೆ ಇನ್ನೊಂದು ಉಚಿತ ಎಂದು ಮಾರುತ್ತಿದ್ದರು. ಆದರೆ ಎರಡಕ್ಕೂ ಬೇರೆ ಬೇರೆಯಾಗಿ 7.95 ಡಾಲರ್ ಸಾಗಣೆ, ಸಂಸ್ಕರಣೆ ಶುಲ್ಕ. ಕೂಡಿದರೆ 35.85. ಉಚಿತದ ಬೆಲೆ ಅಲ್ಲಿತ್ತು. ಆಲ್‌ಸ್ಟಾರ್ ಎಂಬ ಆ ಕಂಪನಿ 2015ರಲ್ಲಿ 80 ಲಕ್ಷ ಡಾಲರ್ ಕೊಟ್ಟು ಕೇಸು ಮುಗಿಸಿಕೊಂಡಿತು.

ನಮ್ಮ ದೇಶದ ಕೇಸು ಬೇಕೆಂದರೆ 2022ರ ಫೆಬ್ರವರಿಯ ಆದೇಶ ನೋಡಬೇಕು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ, ಟಿವಿಯಲ್ಲಿ ಸಾಮಾನು ಮಾರುವ ನಾಪ್‌ತೋಲ್ ಕಂಪನಿಗೆ 10 ಲಕ್ಷ ರೂಪಾಯಿ ದಂಡ ಹಾಕಿತು. ಚಿನ್ನದ ಆಭರಣದ ಸೆಟ್ಟು, ಅಯಸ್ಕಾಂತದ ಮಂಡಿ ಪಟ್ಟಿ, ಆಕ್ಯುಪ್ರೆಶರ್ ಯೋಗ ಚಪ್ಪಲಿ, ಈ ಮೂರರ ಜಾಹೀರಾತು ದಾರಿ ತಪ್ಪಿಸುವಂಥದ್ದು ಎಂದಿತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಏಳೆಂಟು ತಿಂಗಳಲ್ಲಿ ಬಂದಿದ್ದ 399 ದೂರುಗಳನ್ನು ಬಗೆಹರಿಸಲೂ ಹೇಳಿತು. ನನಗೆ ಈ ಆದೇಶದಲ್ಲಿ ದಂಡಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೆ. ಮೊದಲೇ ಚಿತ್ರೀಕರಿಸಿದ ಕಾರ್ಯಕ್ರಮವನ್ನು ನೇರ ಪ್ರಸಾರದಂತೆ ತೋರಿಸಬಾರದು, ಅದು ಮೊದಲೇ ರೆಕಾರ್ಡ್ ಮಾಡಿದ್ದು ಎಂದು ಹೇಳಲೇಬೇಕು ಎಂದು ಪ್ರಾಧಿಕಾರ ಸೂಚಿಸಿತು. ಇವತ್ತು ಕೊಂಡರೆ ಮಾತ್ರ ಉಂಟು ಎಂದು ಕೃತಕ ಅಭಾವ ಹುಟ್ಟಿಸುವುದನ್ನೂ ನಿಲ್ಲಿಸಲು ಹೇಳಿತು. "ಹತ್ತೇ ಪೀಸ್ ಉಳಿದಿವೆ, ಲೈನ್ ಬಿಜಿ ಆಗುವ ಮೊದಲು ಕಾಲ್ ಮಾಡಿ" ಅನ್ನುವ ಕೂಗು ಈ ವ್ಯಾಪಾರದ ಎಂಜಿನ್. ಯೋಚನೆ ಮಾಡಲು ಎರಡು ದಿನ ಸಿಕ್ಕರೆ ಯಾರು ತಾನೇ ಮಂಡಿ ಬೆಲ್ಟ್ ಕೊಳ್ಳುತ್ತಾರೆ?

ಟೆಲಿಶಾಪಿಂಗ್ ಮೂಲಕ ಕೊಂಡವರೂ ಗ್ರಾಹಕರೇ ಎಂದು 2019ರ ಗ್ರಾಹಕ ರಕ್ಷಣಾ ಕಾಯ್ದೆ ಹೆಸರು ಹೇಳಿಯೇ ಬರೆದಿದೆ. ಸಾಮಾನು ಕೆಟ್ಟದ್ದು ಬಂದರೆ ಆ ಗ್ರಾಹಕ ಸಹಾಯವಾಣಿಯ ನಂಬರು 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದಾದರೂ ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಆದರೆ ನಿಜ ಹೇಳಲಾ? 999 ರೂಪಾಯಿಗೆ ಆಯೋಗದ ಮೆಟ್ಟಿಲು ಹತ್ತುವವರು ಕಮ್ಮಿ, ಮಾರುವವರಿಗೂ ಅದು ಗೊತ್ತು. ಹಾಗಾಗಿ ದುಡ್ಡು ಕೈಬಿಡುವ ಮೊದಲಿನ ಎಚ್ಚರವೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಡಬ್ಬಿ ಬಿಚ್ಚುವಾಗ ಮೊಬೈಲಲ್ಲಿ ವಿಡಿಯೊ ಮಾಡಿಕೊಳ್ಳಿ. ಆಮದು ಮಾಡಿದವರ ಹೆಸರು, ವಿಳಾಸ ಇಲ್ಲದ ಪೊಟ್ಟಣವನ್ನು ತೆಗೆದುಕೊಳ್ಳಲೇಬೇಡಿ.

ಇನ್ನೊಂದು ಮಾತು. ನೀವು ಫೋನ್ ಮಾಡಿದಾಗ ಅವರಿಗೆ ಸಿಗುವುದು ಆರ್ಡರ್ ಮಾತ್ರ ಅಲ್ಲ. ನಿಮ್ಮ ಹೆಸರು, ವಿಳಾಸ, ನಂಬರು, ನಿಮಗೆ ಮಂಡಿ ನೋವಿದೆ ಅನ್ನುವ ಮಾಹಿತಿ, ಎಲ್ಲವೂ ಸಿಗುತ್ತದೆ. ಬೆಲ್ಟ್ ಬಂದ ತಿಂಗಳಿಗೆ ಅಮ್ಮನಿಗೆ ಎಣ್ಣೆ ಮಾರುವವರ ಫೋನ್ ಬಂತು. ಆಮೇಲೆ ಕಾರು ಗೆದ್ದಿದ್ದೀರಿ, ತೆರಿಗೆ ಕಟ್ಟಿದರೆ ಕಳಿಸುತ್ತೇವೆ ಅನ್ನುವ ಫೋನ್ ಬಂತು. ಶಾಪಿಂಗ್ ಕಂಪನಿಗಳ ಹೆಸರಲ್ಲಿ ಸ್ಕ್ರ್ಯಾಚ್ ಕಾರ್ಡನ್ನು ಅಂಚೆಯಲ್ಲಿ ಕಳಿಸಿ ಇದೇ ರೀತಿ ದುಡ್ಡು ಕೀಳುವ ಕಳ್ಳರೂ ಇದ್ದಾರೆ. ಅಮ್ಮ ಆ ಕಾರಿನ ಫೋನಿಗೆ "ನಮ್ಮನೇಲಿ ಕಾರು ನಿಲ್ಸೋಕೆ ಜಾಗ ಇಲ್ಲಪ್ಪ" ಅಂತ ಹೇಳಿ ಇಟ್ಟರು.

ಈಗ ಅಮ್ಮ ಮಧ್ಯಾಹ್ನ ಟಿವಿ ನೋಡುವುದು ಕಮ್ಮಿ. ಮೊಬೈಲಲ್ಲಿ ರೀಲ್ಸ್ ನೋಡುತ್ತಾರೆ. ಮೊನ್ನೆ ಅದರಲ್ಲೊಂದು ಬಂತು: ಬ್ಯಾಟರಿಯ ಚಾಪರ್, ಗುಂಡಿ ಒತ್ತಿದರೆ ಸಾಕು. ಅರ್ಧ ಗಂಟೆಯ ಜಾಹೀರಾತು ಮೂವತ್ತು ಸೆಕೆಂಡಿಗೆ ಇಳಿದಿದೆ, ಅಳುವ ಹೆಂಗಸು ಹಾಗೇ ಇದ್ದಾಳೆ. ಅಮ್ಮ ಫೋನ್ ನನ್ನ ಕಡೆ ತಿರುಗಿಸಿ, "ಏನು ಹೆಚ್ತಾ ಇದ್ದಾಳೆ ನೋಡು," ಅಂದರು. ಸೌತೆಕಾಯಿ.

ಮಂಡಿ ಬೆಲ್ಟಿನ ಎಲಾಸ್ಟಿಕ್ ಸಡಿಲವಾಗಿ ಎರಡು ವರ್ಷ ಆಯಿತು. ಹೊಲಿಗೆ ಬಿಚ್ಚಿ ಅಮ್ಮ ಅದರೊಳಗಿನ ಅಯಸ್ಕಾಂತದ ಗುಂಡಿಗಳನ್ನು ತೆಗೆದಿಟ್ಟುಕೊಂಡರು. ಎರಡು ಬೆಲ್ಟಿಂದ ಒಟ್ಟು ಹದಿನಾರು. ಫ್ರಿಜ್ಜಿನ ಬಾಗಿಲ ಮೇಲೆ ಗ್ಯಾಸ್ ಬುಕ್ ಮಾಡುವ ನಂಬರು, ಹಾಲಿನ ಲೆಕ್ಕ, ಮಂಡಿಗೆ ಡಾಕ್ಟರು ಹೇಳಿಕೊಟ್ಟ ವ್ಯಾಯಾಮದ ಚೀಟಿ, ಎಲ್ಲವನ್ನೂ ಅವು ಗಟ್ಟಿಯಾಗಿ ಹಿಡಿದುಕೊಂಡಿವೆ.